ಹಿಟ್ಟು ಎಷ್ಟು ದಿನಕ್ಕೊಮ್ಮೆ ಬೀಸಿಸಬೇಕು?

ಈ ಅಂಕಣವನ್ನು ತಿಂಗಳು ತಿಂಗಳೂ ಓದುವ ಮಹಾಶಯರು ನಮ್ಮಿಂದ ಶಬ್ದಗಳ ವಿಚಾರವನ್ನೋ ಹಬ್ಬಹುಣ್ಣಿಮೆಗಳ ವಿಚಾರವನ್ನೋ ನಿರೀಕ್ಷಿಸುವುದು ವಾಡಿಕೆ. ಈ ಸಲದ ವಿಷಯವು ಕಂಪ್ಯೂಟರಿನದು. ಗಾಬರಿಯಾಗಬೇಕಾದುದಿಲ್ಲ, ಸ್ವಲ್ಪ ದೂರ ಹೋದಮೇಲೆ ಅದು ಅಡುಗೆಮನೆಗೇ ಬಂದು ಸೇರುತ್ತದೆ.

ಕಳೆದ ಯುಗಾದಿಗೆ ನಮ್ಮ ತಮ್ಮನ ಮಗನು ಬೆಂಗಳೂರಿನಿಂದ ವಳ್ಳೂರಿಗೆ ಬಂದಿದ್ದನು. ಅವನು ಸಾಫ್ಟ್‌ವೇರ್ ಇಂಜಿನಿಯರನು. ಎಂದರೆ, ಕಂಪ್ಯೂಟರೂ ಮೊಬೈಲೂ ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬ ವಿಧಿಗಳನ್ನು ಬರೆಯುವ ಉದ್ಯೋಗದವನು. ಹಬ್ಬದ ದಿನವೆಲ್ಲ ಅವನು ಜಗಲಿಯ ಮೇಲೆ ಒಂದು ನೋಟುಪುಸ್ತಕವನ್ನು ಹಿಡಿದು ಮಂಕಾಗಿ ಕುಳಿತಿದ್ದುದನ್ನು ಕಂಡು, ಬೇವುಬೆಲ್ಲದಲ್ಲಿ ಬೇವಿನ ಪಾಲೇ ನಿನಗೆ ಹೆಚ್ಚಾಗಿ ಬಂದಿತೇನಪ್ಪಾ ಎಂದು ನಾವು ಪರಿಹಾಸ ಮಾಡಿದೆವು. ಅವನು ನಗಲಿಲ್ಲ. ಸೋಮವಾರ ಕಚೇರಿಗೆ ಹೋಗುವಷ್ಟರಲ್ಲಿ ಎರಡು ತೀರ್ಮಾನಗಳನ್ನು ಮಾಡಿಕೊಂಡು ಹೋಗಬೇಕಾಗಿತ್ತಂತೆ.

ಅವನ ಕಚೇರಿಯವರು ರೈತರಿಗಾಗಿ ಒಂದು ಮೊಬೈಲ್ ಪ್ರೋಗ್ರಾಮನ್ನು ನಡೆಸುತ್ತಾರೆ. ಮಾರುಕಟ್ಟೆಯ ಧಾರಣೆ, ಮಾರಿದ ಮಾಲಿಗೆ ಬರಬೇಕಾದ ಹಣ, ಇಂಥವೆಲ್ಲ ಅದರಲ್ಲಿ ಕಾಣುತ್ತವೆ. ಆ ಪ್ರೋಗ್ರಾಮನ್ನು ತಿದ್ದಿ ತಿದ್ದಿ ಹೊಸ ಆವೃತ್ತಿಗಳನ್ನು ಹೊರಡಿಸುತ್ತಿರಬೇಕು. ಎಷ್ಟು ದಿನಕ್ಕೊಮ್ಮೆ ಹೊರಡಿಸಬೇಕು ಎಂಬುದು ಮೊದಲನೆಯ ತೀರ್ಮಾನ. ಹಳೆಯ ಮೊಬೈಲುಗಳಲ್ಲಿಯೂ ಅದು ನಡೆಯುವಂತೆ ನೋಡಿಕೊಳ್ಳುವ ಕಷ್ಟವನ್ನು ಇನ್ನು ಮುಂದೆ ಬಿಟ್ಟುಬಿಡಬಹುದೆ ಎಂಬುದು ಎರಡನೆಯದು.

"ಇವೆರಡೂ ಆಪ್ಟಿಮೈಸೇಶನ್ ಲೆಕ್ಕಗಳು, ದೊಡ್ಡಪ್ಪ. ಸರಿಯಾಗಿ ಬರೆದರೆ ಉತ್ತರ ತಾನಾಗಿ ಬರುತ್ತದೆ" ಎಂದನು.

ಉತ್ತರವು ತಾನಾಗಿ ಬರುವುದಾದರೆ ಹಬ್ಬದ ದಿನ ಹೀಗೆ ಕೂರುವುದೇಕೆ ಎಂದು ನಾವು ಕೇಳಿದೆವು. ಅಲ್ಲಿಂದ ಮೊದಲಾದ ಮಾತು ದೀಪ ಹಚ್ಚುವವರೆಗೂ ನಡೆಯಿತು. ಅದರಲ್ಲಿ ಸಂಸಾರಸ್ಥರಿಗೆ ಪ್ರಯೋಜನಕ್ಕೆ ಬರುವ ಅಂಶ ಉಂಟೆಂದು ತೋರಿದ್ದರಿಂದ ಇಲ್ಲಿ ಬರೆಯುತ್ತೇವೆ.

ಆಪ್ಟಿಮೈಸೇಶನ್ ಎಂಬುದನ್ನು ಉತ್ತಮೀಕರಣ ಎನ್ನೋಣ. ಹಲವು ದಾರಿಗಳಿರುವಲ್ಲಿ ಮೊದಲು ಒಂದು ಅಳತೆಯನ್ನು ಗೊತ್ತುಮಾಡತಕ್ಕದ್ದು: ಹಣವೋ, ಹೊತ್ತೋ, ಶ್ರಮವೋ. ಆಮೇಲೆ ಮೀರಬಾರದ ಎಲ್ಲೆಗಳನ್ನು ಹಾಕತಕ್ಕದ್ದು. ಆ ಎಲ್ಲೆಗಳೊಳಗೆ ಆ ಅಳತೆಯು ಎಲ್ಲಿ ಅತ್ಯಂತ ಕಡಿಮೆಯಾಗುವುದೋ ಆ ದಾರಿಯನ್ನು ಹುಡುಕತಕ್ಕದ್ದು. ಇಷ್ಟೇ. ಪ್ರಾಜ್ಞರು ಇದನ್ನು ದೊಡ್ಡ ಶಾಸ್ತ್ರವಾಗಿ ಬೆಳೆಸಿದ್ದಾರೆ. ರಷ್ಯದ ಕಾಂಟೊರೊವಿಚ್ ಎಂಬ ಗಣಿತಜ್ಞರು ಹಲಗೆಯ ಕಾರ್ಖಾನೆಯೊಂದರ ಯಂತ್ರಗಳಿಗೆ ಕೆಲಸ ಹಂಚುವ ಪ್ರಶ್ನೆಯಿಂದ ಹೊರಟು ೧೯೩೯ರಲ್ಲಿ ಇದರ ಒಂದು ಮಾರ್ಗವನ್ನು ತೋರಿಸಿದರು; ಅಮೆರಿಕದ ಡಾಂಟ್ಸಿಗ್ ಎಂಬವರು ೧೯೪೭ರಲ್ಲಿ ಪ್ರಸಿದ್ಧವಾದ ಇನ್ನೊಂದು ಕ್ರಮವನ್ನು ಕಂಡುಹಿಡಿದರು; ನಮ್ಮ ದೇಶದವರಾದ ನರೇಂದ್ರ ಕರ್ಮಾರ್ಕರ್ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದಾಗ ೧೯೮೪ರಲ್ಲಿ ಮತ್ತೊಂದು ವೇಗದ ಕ್ರಮವನ್ನು ಪ್ರಕಟಿಸಿದರು. ಆ ಗಣಿತದ ಒಳಕ್ಕೆ ನಾವು ಹೋಗಲಾರೆವು. ನಮ್ಮ ಹುಡುಗನ ಮೊದಲನೆಯ ಪ್ರಶ್ನೆಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಅದನ್ನು ಪ್ರತಿಯೊಬ್ಬ ಗೃಹಿಣಿಯೂ ತಿಂಗಳು ತಿಂಗಳೂ ಬಿಡಿಸುತ್ತಲೇ ಇರುತ್ತಾಳೆ.

ಗಿರಣಿಯು ದೂರದ ಊರಿನಲ್ಲಿದೆ ಎಂದಿಟ್ಟುಕೊಳ್ಳಿ. ಮನೆಗೆ ದಿನಕ್ಕೆ ಒಂದು ಕಿಲೋ ರಾಗಿಯ ಹಿಟ್ಟು ಬೇಕು. ಒಂದು ಸಲ ಹೋಗಿಬರುವುದಕ್ಕೆ ಬಸ್ಸಿನ ಚಾರ್ಜು, ಕಳೆದ ಹೊತ್ತು, ಎಲ್ಲ ಸೇರಿ ೪೫ ರೂಪಾಯಿ. ಮೂಟೆ ಚಿಕ್ಕದಾದರೂ ದೊಡ್ಡದಾದರೂ ಈ ಖರ್ಚು ಒಂದೇ. ಬೀಸುವ ಕೂಲಿಯು ಕಿಲೋವಿಗೆ ಇಷ್ಟೆಂದು ಹೇಗೂ ಕೊಡಬೇಕಾದದ್ದು; ಅದು ಲೆಕ್ಕಕ್ಕೆ ಬೇಡ. ಇನ್ನು ಹಿಟ್ಟನ್ನು ಬಹಳ ದಿನ ಇಟ್ಟರೆ ಹುಳು ಬೀಳುವುದು, ಮುಗ್ಗಲು ಹಿಡಿಯುವುದು, ಕಹಿಯಾಗುವುದು. ಈ ನಷ್ಟವು ಡಬ್ಬದಲ್ಲಿರುವ ಒಂದೊಂದು ಕಿಲೋವಿಗೆ ದಿನಕ್ಕೆ ೧೦ ಪೈಸೆ ಎಂದು ಭಾವಿಸೋಣ.

೩೦ ದಿನಕ್ಕಾಗುವಷ್ಟು ಬೀಸಿಸಿದರೆ ಡಬ್ಬದಲ್ಲಿ ಮೊದಲ ದಿನ ೩೦ ಕಿಲೋ, ಕೊನೆಯ ದಿನ ಏನೂ ಇಲ್ಲ. ಸರಾಸರಿ ೧೫ ಕಿಲೋ. ಹುಳುವಿನ ಬಾಬ್ತು ದಿನಕ್ಕೆ ೧ ರೂಪಾಯಿ ೫೦ ಪೈಸೆ. ಪ್ರಯಾಣದ ಬಾಬ್ತು ೪೫ನ್ನು ೩೦ರಿಂದ ಭಾಗಿಸಿದರೆ ಅದೂ ೧ ರೂಪಾಯಿ ೫೦ ಪೈಸೆ. ಒಟ್ಟು ೩ ರೂಪಾಯಿ. ೧೫ ದಿನಕ್ಕೊಮ್ಮೆ ಹೋದರೆ ಪ್ರಯಾಣಕ್ಕೆ ೩ ರೂಪಾಯಿ, ಹುಳುವಿಗೆ ೭೫ ಪೈಸೆ. ೬೦ ದಿನಕ್ಕೊಮ್ಮೆ ಹೋದರೆ ಪ್ರಯಾಣಕ್ಕೆ ೭೫ ಪೈಸೆ, ಹುಳುವಿಗೆ ೩ ರೂಪಾಯಿ. ಎರಡು ಪಕ್ಷದಲ್ಲಿಯೂ ೩ ರೂಪಾಯಿ ೭೫ ಪೈಸೆ. ಹಾಗಾದರೆ ೩೦ ದಿನವೇ ಉತ್ತಮ. ಎರಡು ಬಾಬ್ತುಗಳೂ ಸಮನಾಗಿ ನಿಂತ ಕಡೆಯೇ ಒಟ್ಟು ಖರ್ಚು ಕಡಿಮೆ ಎಂಬುದನ್ನು ವಾಚಕರು ಗಮನಿಸಬೇಕು. ಹ್ಯಾರಿಸ್ ಎಂಬ ಅಮೆರಿಕದ ಇಂಜಿನಿಯರರು ೧೯೧೩ರಲ್ಲಿಯೇ ಕಾರ್ಖಾನೆಗಳಿಗಾಗಿ ಈ ಲೆಕ್ಕವನ್ನು ಬರೆದಿಟ್ಟರು. ಅವರ ಊರಿನಲ್ಲಿ ರಾಗಿ ಇರಲಿಲ್ಲವಷ್ಟೆ.

ಹುಡುಗನು ಇದನ್ನು ಕೇಳಿ ನೋಟುಪುಸ್ತಕವನ್ನು ನಮ್ಮ ಮುಂದಿಟ್ಟನು. ಅವನ ಲೆಕ್ಕವೂ ಇದೇ. ಹೊಸ ಆವೃತ್ತಿಯನ್ನು ಹೊರಡಿಸುವ ಮುನ್ನ ನಾಲ್ಕಾರು ಮಂದಿ ಕುಳಿತು ಪ್ರತಿಯೊಂದು ಭಾಗವನ್ನೂ ಪರೀಕ್ಷಿಸಬೇಕು. ತಿದ್ದುಪಡಿ ಒಂದಿರಲಿ ನೂರಿರಲಿ, ಆ ಶ್ರಮ ತಪ್ಪದು. ಅದು ಗಿರಣಿಯ ಪ್ರಯಾಣ. ಬರೆದು ಮುಗಿಸಿದ ತಿದ್ದುಪಡಿಗಳನ್ನು ಹೊರಡಿಸದೆ ಇಟ್ಟುಕೊಂಡರೆ ಅವುಗಳಿಗೂ ಹುಳು ಬೀಳುತ್ತದೆ. ಯಾವ ಕಾರಣಕ್ಕೆ ಹಾಗೆ ಬರೆದೆವೆಂಬುದು ಬರೆದವನಿಗೇ ಮರೆತುಹೋಗುತ್ತದೆ; ಒಂದರ ತಪ್ಪು ಇನ್ನೊಂದರ ಹಿಂದೆ ಅಡಗುತ್ತದೆ; ರೈತನು ಹಳೆಯ ತಪ್ಪಿನೊಡನೆಯೇ ಏಗುತ್ತ ಕಾಯುತ್ತಾನೆ. ಅವರು ಮೂರು ತಿಂಗಳಿಗೊಮ್ಮೆ ಹೊರಡಿಸುತ್ತಿದ್ದರು. ಹುಡುಗನ ಮೇಲಿನವರು, ನೆರೆಯ ಕಂಪನಿಯವರು ವಾರವಾರವೂ ಹೊರಡಿಸುತ್ತಾರೆ, ನಾವೂ ಹಾಗೆಯೇ ಮಾಡೋಣ ಎಂದು ಹಿಡಿದಿದ್ದರು. ನೆರೆಮನೆಯವರು ವಾರಕ್ಕೊಮ್ಮೆ ಗಿರಣಿಗೆ ಹೋಗುತ್ತಾರೆಂದು ನಾವೂ ಹೋಗುವುದೆ? ಅವರ ಮನೆ ಗಿರಣಿಯ ಪಕ್ಕದಲ್ಲಿಯೇ ಇದ್ದೀತು!

ಅದನ್ನೂ ಲೆಕ್ಕ ಮಾಡಿ ನೋಡಬಹುದು. ಗಿರಣಿಯು ನಮ್ಮ ಬೀದಿಗೇ ಬಂದು ಪ್ರಯಾಣದ ಖರ್ಚು ೪೫ರಿಂದ ೫ ರೂಪಾಯಿಗೆ ಇಳಿಯಿತೆನ್ನಿ. ಈಗ ಉತ್ತಮವಾದ ಅವಧಿಯು ೧೦ ದಿನ. ಒಟ್ಟು ಖರ್ಚು ದಿನಕ್ಕೆ ೧ ರೂಪಾಯಿ. ಗಿರಣಿ ಬಂದಮೇಲೆಯೂ ಹಳೆಯ ಅಭ್ಯಾಸದಂತೆ ತಿಂಗಳಿಗೊಮ್ಮೆಯೇ ಬೀಸಿಸುವವರಿಗೆ ಸುಮಾರು ೧ ರೂಪಾಯಿ ೬೭ ಪೈಸೆ ಬೀಳುತ್ತದೆ. ಆದುದರಿಂದ ಮೊದಲು ಮಾಡಬೇಕಾದದ್ದು ಅವಧಿಯನ್ನು ಕಡಿಮೆ ಮಾಡುವುದಲ್ಲ, ಗಿರಣಿಯನ್ನು ಹತ್ತಿರಕ್ಕೆ ತರುವುದು. ಸಾಫ್ಟ್‌ವೇರಿನಲ್ಲಿ ಇದಕ್ಕೆ ಉಪಾಯವುಂಟು. ಮನುಷ್ಯರು ಮಾಡುವ ಪರೀಕ್ಷೆಗಳಲ್ಲಿ ಬಹುಭಾಗವನ್ನು ಕಂಪ್ಯೂಟರೇ ಮಾಡುವಂತೆ ಬರೆದಿಟ್ಟರೆ ಪ್ರತಿ ಸಲದ ಶ್ರಮ ಇಳಿಯುತ್ತದೆ. ಅದು ಇಳಿದಂತೆ ಅವಧಿಯೂ ತಾನಾಗಿ ಇಳಿಯುತ್ತದೆ. ನಮ್ಮ ಹುಡುಗನು ವಾರ, ಮೂರು ತಿಂಗಳು ಎಂಬ ಎರಡನ್ನೂ ಹೊಡೆದುಹಾಕಿ, ಮೊದಲು ಎರಡು ತಿಂಗಳು ಪರೀಕ್ಷೆಗಳನ್ನು ಬರೆಯುವುದು, ಆಮೇಲೆ ಮತ್ತೆ ಲೆಕ್ಕ ನೋಡುವುದು ಎಂದು ಬರೆದುಕೊಂಡನು.

ಇಲ್ಲಿ ಇನ್ನೊಂದು ಸಂಗತಿ ನಮಗೆ ಬಹಳ ಹಿಡಿಸಿತು. ಮೇಲಿನ ಲೆಕ್ಕದಲ್ಲಿ ೩೦ ದಿನಕ್ಕೆ ಬದಲಾಗಿ ೧೫ ದಿನವೆಂದು, ಎಂದರೆ ಅರ್ಧಕ್ಕೆ ಅರ್ಧ ತಪ್ಪಿದರೂ ನಷ್ಟವು ನೂರಕ್ಕೆ ೨೫ ಮಾತ್ರ. ೨೫ ದಿನವೆಂದೋ ೩೫ ದಿನವೆಂದೋ ತಪ್ಪಿದರೆ ನಷ್ಟವು ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ಬಾಣಲೆಯ ತಳದಂತೆ ಈ ಲೆಕ್ಕದ ತಳವೂ ಅಗಲವಾಗಿದೆ. ಅದರ ನಟ್ಟನಡುವನ್ನು ಹುಡುಕುವುದಕ್ಕೆ ನಾಲ್ಕು ದಿನ ಕಳೆದರೆ ಆ ನಾಲ್ಕು ದಿನದ ಬೆಲೆಯೇ ಹೆಚ್ಚಾದೀತು. ವ್ಯಾಕರಣದಲ್ಲಿ ತರ, ತಮ ಎಂಬ ಎರಡು ಪ್ರತ್ಯಯಗಳಿವೆ. ಎರಡರಲ್ಲಿ ಒಂದು ಮೇಲೆನ್ನಲು ತರ. ಅನೇಕದಲ್ಲಿ ಒಂದು ಮೇಲೆನ್ನಲು ತಮ. ಉತ್ತಮತರ ಎನ್ನುವುದಕ್ಕೆ ಎರಡನ್ನು ನೋಡಿದ್ದರೆ ಸಾಕು; ಉತ್ತಮತಮ ಎನ್ನಬೇಕಾದರೆ ಎಲ್ಲವನ್ನೂ ನೋಡಿರಬೇಕು. ಎಲ್ಲವನ್ನೂ ನೋಡಿ ಮುಗಿಸುವ ಆಯುಸ್ಸು ಯಾರಿಗುಂಟು? ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು, ಮನುಷ್ಯನು ನಿಜವಾಗಿ ಮಾಡುವುದು ಅತ್ಯುತ್ತಮದ ಶೋಧನೆಯಲ್ಲ, ಸಾಕೆನಿಸುವಷ್ಟು ಒಳ್ಳೆಯದು ದೊರೆತಾಗ ನಿಲ್ಲುವುದು ಎಂದು ವಿವರಿಸಿದರು. ೧೯೭೮ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವೂ ದೊರೆಯಿತು. ಮಕ್ಕಳ ಮದುವೆ ಮಾಡಿದ ನಮ್ಮ ವಾಚಕರಿಗೆ ಈ ತತ್ತ್ವ ಹೊಸದಾಗಿರಲಾರದು.

ಆದರೆ ತೂಕಗಳು ಬದಲಾದಾಗ ಮತ್ತೆ ತೂಗದಿದ್ದರೆ ಕಷ್ಟವುಂಟು. ಕಂಪ್ಯೂಟರುಗಳ ಆರಂಭದ ದಶಕಗಳಲ್ಲಿ ನೆನಪಿನ ಜಾಗವು ಬಹು ದುಬಾರಿಯಾಗಿದ್ದ ಕಾರಣ, ಇಸವಿಯನ್ನು ನಾಲ್ಕು ಅಂಕಿಗಳಲ್ಲಿ ಬರೆಯುವ ಬದಲು ಕೊನೆಯ ಎರಡೇ ಅಂಕಿಗಳನ್ನು ಬರೆಯುವ ಪದ್ಧತಿ ಬಂದಿತು. ಅಂದಿಗೆ ಅದು ಸರಿಯಾದ ಮಿತವ್ಯಯವೇ. ಜಾಗವು ಅಗ್ಗವಾದಮೇಲೂ ಪದ್ಧತಿ ಹಾಗೆಯೇ ಉಳಿಯಿತು. ೨೦೦೦ನೆಯ ಇಸವಿ ಹತ್ತಿರವಾದಾಗ, ೦೦ ಎಂಬುದು ೧೯೦೦ ಆಗಿಬಿಡುವುದೆಂದು ಲೋಕವೆಲ್ಲ ಹೆದರಿ, ಕೋಟ್ಯಂತರ ಸಾಲುಗಳನ್ನು ತಿದ್ದಿಸಬೇಕಾಯಿತು. ಬೆಂಗಳೂರಿನ ಹಲವು ಕಂಪನಿಗಳು ಆ ತಿದ್ದುಪಡಿಯ ಕೆಲಸದಿಂದಲೇ ಬೆಳೆದವೆಂಬುದು ಬೇರೆ ಮಾತು.

ಇದುವರೆಗೆ ಲೆಕ್ಕವು ಸುಗಮ. ಅಳತೆ ಯಾವುದೆಂಬುದರಲ್ಲಿ ಸಂದೇಹವಿರಲಿಲ್ಲ. ಆ ಸಂದೇಹ ಬಂದಾಗಲೇ ನಿಜವಾದ ಗೊಂದಲ. ನಾವು ಬಾಲ್ಯದಲ್ಲಿ ಗುರುಗಳ ಮುಂದೆ ಕುಳಿತು ಕಲಿತ ವ್ಯಾಕರಣವೇ ಇದಕ್ಕೆ ಒಳ್ಳೆಯ ದೃಷ್ಟಾಂತ. ಪಾಣಿನಿಯು ಸಂಸ್ಕೃತ ಭಾಷೆಯನ್ನೆಲ್ಲ ಸುಮಾರು ೪,೦೦೦ ಸೂತ್ರಗಳಲ್ಲಿ ಅಡಗಿಸಿದನು. ಬಾಯಿಪಾಠದಿಂದ ಉಳಿಯಬೇಕಾದ ಗ್ರಂಥವಾದ್ದರಿಂದ ಒಂದೊಂದು ಅಕ್ಷರಕ್ಕೂ ಬೆಲೆಯಿತ್ತು. ಒಂದು ಸೂತ್ರದಲ್ಲಿ ಹೇಳಿದ ಪದವನ್ನು ಮುಂದಿನ ಸೂತ್ರದಲ್ಲಿ ಮತ್ತೆ ಹೇಳದೆ, ಅದು ತಾನಾಗಿ ಇಳಿದುಬರುವಂತೆ ಸೂತ್ರಗಳನ್ನು ಜೋಡಿಸಿದನು. ಇದಕ್ಕೆ ಅನುವೃತ್ತಿ ಎಂದು ಹೆಸರು. ಅರ್ಧಮಾತ್ರೆ ಉಳಿದರೂ ವೈಯಾಕರಣರಿಗೆ ಗಂಡುಮಗು ಹುಟ್ಟಿದಷ್ಟು ಸಂತೋಷವೆಂಬ ಮಾತು ಪಂಡಿತರಲ್ಲಿ ಪ್ರಸಿದ್ಧವಾಗಿದೆ. ಇಂಥ ಮಿತವ್ಯಯವನ್ನು ಮತ್ತಾವ ಗ್ರಂಥದಲ್ಲಿಯೂ ನಾವು ಕಂಡಿಲ್ಲ. ಆದರೆ ಆ ಕ್ರಮದಲ್ಲಿ ಒಂದು ಪದದ ರೂಪವನ್ನು ಸಾಧಿಸಬೇಕಾದ ವಿದ್ಯಾರ್ಥಿಯು ಮೊದಲನೆಯ ಅಧ್ಯಾಯದಿಂದ ಎಂಟನೆಯದಕ್ಕೂ, ಅಲ್ಲಿಂದ ಆರನೆಯದಕ್ಕೂ ಓಡಾಡಬೇಕು. ಹದಿನೇಳನೆಯ ಶತಮಾನದಲ್ಲಿ ಭಟ್ಟೋಜಿ ದೀಕ್ಷಿತರು ಸಿದ್ಧಾಂತಕೌಮುದಿಯಲ್ಲಿ ಅವೇ ಸೂತ್ರಗಳನ್ನು ಸಂಧಿ, ಸುಬಂತ, ಸಮಾಸ ಎಂದು ವಿಷಯಾನುಸಾರವಾಗಿ ಬೇರೆ ಕ್ರಮದಲ್ಲಿ ಜೋಡಿಸಿದರು. ಅನುವೃತ್ತಿಯ ಸರಪಣಿ ತುಂಡಾಯಿತು, ಇಳಿದುಬರುತ್ತಿದ್ದ ಪದಗಳನ್ನು ವೃತ್ತಿಯಲ್ಲಿ ಬಿಡಿಸಿ ಬರೆಯಬೇಕಾಯಿತು, ಗ್ರಂಥವು ಬೆಳೆಯಿತು. ಅದಕ್ಕೆ ಪ್ರತಿಯಾಗಿ ವಿದ್ಯಾರ್ಥಿಯ ಓಡಾಟ ತಪ್ಪಿತು.

ಇವರಿಬ್ಬರಲ್ಲಿ ಯಾರು ಸರಿ? ಪಾಣಿನಿಯ ಅಳತೆ ಅಕ್ಷರ. ದೀಕ್ಷಿತರ ಅಳತೆ ಕಲಿಯುವವನ ಹೊತ್ತು. ಅಳತೆ ಬೇರೆಯಾದಮೇಲೆ ಉತ್ತರವೂ ಬೇರೆ. ಪ್ರೋಗ್ರಾಮನ್ನು ಬರೆಯುವವರಲ್ಲಿಯೂ ಈ ಜಗಳ ದಿನದಿನದ್ದಂತೆ. ಹತ್ತು ಸಾಲಿನಲ್ಲಿ ಬರೆಯಬಹುದಾದುದನ್ನು ಎರಡು ಸಾಲಿನಲ್ಲಿ ಬರೆದು ಮೀಸೆ ತಿರುವುವ ಜಾಣನು ಕೆಲಸ ಬಿಟ್ಟು ಹೋದಮೇಲೆ, ಆ ಎರಡು ಸಾಲಿನ ಅರ್ಥವನ್ನು ತಿಳಿಯುವುದಕ್ಕೆ ಹಿಂದೆ ಬಂದವನಿಗೆ ಎರಡು ದಿನ ಬೇಕಾಗುತ್ತದೆಂದು ಹುಡುಗನು ಹೇಳಿದನು. ಪಾಣಿನಿಗಾದರೆ ಪತಂಜಲಿಯಂಥ ಭಾಷ್ಯಕಾರನು ದೊರೆತನು. ಈ ಜಾಣನಿಗೆ ಯಾರು ದೊರೆಯುತ್ತಾರೆ?

ಅಳತೆ ಯಾವುದೆಂಬ ಪ್ರಶ್ನೆಯ ಬೆನ್ನಿಗೇ ಮತ್ತೊಂದು ಪ್ರಶ್ನೆ ಬರುತ್ತದೆ: ಅಳತೆ ಯಾರ ಖರ್ಚಿನದು? ನಮ್ಮ ಚಿಕ್ಕಂದಿನಲ್ಲಿ ಗಿರಣಿಯ ಪ್ರಯಾಣವೇ ಇರಲಿಲ್ಲ. ನಮ್ಮ ತಾಯಿಯವರು ಕೋಳಿ ಕೂಗುವ ಹೊತ್ತಿಗೆ ಎದ್ದು ಆ ದಿನದ ಹಿಟ್ಟನ್ನು ಆ ದಿನವೇ ಬೀಸುವ ಕಲ್ಲಿನಲ್ಲಿ ಬೀಸುತ್ತಿದ್ದರು. ಹುಳುವಿನ ಮಾತಿಲ್ಲ, ಬಸ್ಸಿನ ಚಾರ್ಜಿಲ್ಲ. ಮನೆಯ ಯಜಮಾನರ ಲೆಕ್ಕದ ಪುಸ್ತಕದಲ್ಲಿ ಈ ಬಾಬ್ತಿನ ಖರ್ಚು ಸೊನ್ನೆ. ಆ ಸೊನ್ನೆಯೊಳಗೆ ಒಬ್ಬ ಹೆಂಗಸಿನ ತೋಳುಗಳಿದ್ದವೆಂಬುದು ನಮಗೆ ಹೊಳೆದದ್ದು ನಲವತ್ತು ವರ್ಷ ದಾಟಿದಮೇಲೆ.

ಇಂಥ ಸೊನ್ನೆಗಳು ದೊಡ್ಡ ಲೆಕ್ಕಗಳಲ್ಲಿಯೂ ಇರುತ್ತವೆ. ನಮ್ಮ ರಾಜ್ಯದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆಯನ್ನು ವಾಚಕರು ಬಲ್ಲರು. ಅದಕ್ಕೆ ಮುಂಚೆ ಸುಮಾರು ೯,೦೦೦ ಗ್ರಾಮಲೆಕ್ಕಿಗರು ಕೈಬರಹದಲ್ಲಿ ಪುಸ್ತಕಗಳನ್ನು ಇಟ್ಟಿದ್ದರು. ಲೆಕ್ಕಿಗರು ಸಿಕ್ಕಿದಾಗ ಪಹಣಿ, ಸಿಕ್ಕದಿದ್ದರೆ ಇಲ್ಲ, ಸಿಕ್ಕಿದಾಗಲೂ ಕೈ ಬಿಸಿ ಮಾಡದೆ ದೊರೆಯುವುದು ಎಷ್ಟೋ ಕಡೆ ದುರ್ಲಭವಾಗಿತ್ತು. ೨೦೦೦ದ ಆಸುಪಾಸಿನಲ್ಲಿ ಕಂದಾಯ ಇಲಾಖೆಯವರು ರಾಷ್ಟ್ರೀಯ ಮಾಹಿತಿ ಕೇಂದ್ರದವರ ಸಾಫ್ಟ್‌ವೇರಿನಿಂದ ಸುಮಾರು ೬೭ ಲಕ್ಷ ರೈತರ ೨ ಕೋಟಿ ದಾಖಲೆಗಳನ್ನು ಯಂತ್ರಕ್ಕೆ ಏರಿಸಿ, ಆಗಿನ ೧೭೭ ತಾಲ್ಲೂಕುಗಳ ಕಚೇರಿಗಳಲ್ಲಿ ೧೫ ರೂಪಾಯಿಗೆ ಪಹಣಿ ಕೊಡಲು ಮೊದಲು ಮಾಡಿದರು. ಅದಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಗೊತ್ತಾಯಿತು.

ಯಂತ್ರವನ್ನು ತಾಲ್ಲೂಕಿನಲ್ಲಿ ಇಡಬೇಕೋ ಹಳ್ಳಿಯಲ್ಲಿ ಇಡಬೇಕೋ ಎಂಬುದು ಅಂದಿನ ಒಂದು ದೊಡ್ಡ ತೀರ್ಮಾನ. ವಿದ್ಯುತ್ತು, ದುರಸ್ತಿ, ಮೇಲ್ವಿಚಾರಣೆ ಎಲ್ಲವನ್ನೂ ನೋಡಿದರೆ ತಾಲ್ಲೂಕೇ ಸುಲಭ. ಆದರೆ ಸರ್ಕಾರದ ಲೆಕ್ಕದಲ್ಲಿ ೧೫ ರೂಪಾಯಿಯಾಗಿದ್ದ ಪಹಣಿಯು ವಳ್ಳೂರಿನ ರೈತನ ಲೆಕ್ಕದಲ್ಲಿ ೧೫ ರೂಪಾಯಿಯಾಗಿರಲಿಲ್ಲ. ಪಾವಗಡಕ್ಕೆ ಬಸ್ಸಿನ ಚಾರ್ಜು, ಒಂದು ದಿನದ ಕೂಲಿ, ಹೋಟಲಿನ ಊಟ. ಅಲ್ಲಿ ವಿದ್ಯುತ್ತಿಲ್ಲದಿದ್ದರೆ ಮಾರನೆಯ ದಿನ ಇದೆಲ್ಲ ಮತ್ತೊಂದು ಸಲ. ಆ ಕಾಲದಲ್ಲಿ ಈ ವಿಷಯವಾಗಿ ನಾವೂ ಜಗಲಿಯ ಮೇಲೆ ಕುಳಿತು ಕೋಪ ಮಾಡಿಕೊಂಡವರೇ. ಈಗ ಯೋಚಿಸಿದರೆ, ಹಳೆಯ ಕಾಲದಲ್ಲಿ ಲೆಕ್ಕಿಗರ ಹಿಂದೆ ತಿರುಗಿದ ದಿನಗಳನ್ನೂ ಕೊಟ್ಟ ಕಾಣಿಕೆಗಳನ್ನೂ ನಾವು ಆಗ ತಕ್ಕಡಿಗೆ ಹಾಕಿರಲಿಲ್ಲ. ಎಲ್ಲವನ್ನೂ ಹಾಕಿ ತೂಗಿದರೆ ತಾಲ್ಲೂಕಿನ ತೀರ್ಮಾನವೇ ಗೆದ್ದೀತೆಂದು ನಮ್ಮ ಈಗಿನ ಅಭಿಪ್ರಾಯ. ಮುಂದೆ ಹೋಬಳಿಯ ನಾಡಕಚೇರಿಗಳಲ್ಲಿಯೂ ಪಹಣಿ ದೊರೆಯುವಂತಾಯಿತು. ಈಗ ಮನೆಯಲ್ಲಿ ಕುಳಿತೇ ತೆಗೆದುಕೊಳ್ಳಬಹುದು. ಗಿರಣಿ ಹತ್ತಿರಕ್ಕೆ ಬಂದಿತು.

ಆ ಯೋಜನೆಯಲ್ಲಿ ನಮಗೆ ಇನ್ನೂ ಹೆಚ್ಚಾಗಿ ಮೆಚ್ಚುಗೆಯಾದದ್ದು ಖಾತೆ ಬದಲಾವಣೆಯ ಅರ್ಜಿಗಳ ವಿಷಯ. ಮೊದಲು ಬಂದ ಅರ್ಜಿ ಮೊದಲು, ನಂತರ ಬಂದದ್ದು ನಂತರ ಎಂದು ಕಂಪ್ಯೂಟರಿನಲ್ಲಿಯೇ ಕಟ್ಟುಮಾಡಿದರು. ನೌಕರರು ಬೆರಳಿನ ಗುರುತು ಕೊಟ್ಟಲ್ಲದೆ ಅದರೊಳಕ್ಕೆ ಹೋಗುವಂತಿರಲಿಲ್ಲ. ಉತ್ತಮೀಕರಣದ ಪಂಡಿತರನ್ನು ಕೇಳಿದರೆ ಇದು ಉತ್ತಮವಲ್ಲವೆಂದೇ ಹೇಳುವರು. ಹೇಗೆಂದರೆ: ಆರು ಗಂಟೆಯ ಕೆಲಸವೊಂದು, ಅದರ ಹಿಂದೆ ಒಂದು ಗಂಟೆಯದು, ಅದರ ಹಿಂದೆ ಎರಡು ಗಂಟೆಯದು ಸಾಲಿನಲ್ಲಿವೆ ಎನ್ನಿ. ಬಂದ ಕ್ರಮದಲ್ಲಿಯೇ ಮಾಡಿದರೆ ಅವು ಮುಗಿಯುವುದು ೬, ೭, ೯ನೆಯ ಗಂಟೆಗಳಲ್ಲಿ; ಒಬ್ಬೊಬ್ಬರಿಗೆ ಸರಾಸರಿ ೭ ಗಂಟೆ ೨೦ ನಿಮಿಷ. ಚಿಕ್ಕ ಕೆಲಸವನ್ನು ಮೊದಲು ಮಾಡಿದರೆ ೧, ೩, ೯ನೆಯ ಗಂಟೆಗಳಲ್ಲಿ ಮುಗಿಯುತ್ತವೆ. ಸರಾಸರಿ ೪ ಗಂಟೆ ೨೦ ನಿಮಿಷ. ಲೆಕ್ಕಕ್ಕೆ ಲೆಕ್ಕ ಇದೇ ಮೇಲು. ಆದರೆ ಯಾವುದು ಚಿಕ್ಕ ಕೆಲಸವೆಂದು ಗೊತ್ತುಮಾಡುವ ಅಧಿಕಾರ ಮೇಜಿನ ಆಚೆ ಕುಳಿತವರಿಗೆ ಹೋಯಿತೆಂದರೆ, ಯಾರ ಅರ್ಜಿ ಚಿಕ್ಕದಾಗುವುದು, ಯಾರದು ದೊಡ್ಡದಾಗುವುದು ಎಂಬುದನ್ನು ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಸರಾಸರಿಯಲ್ಲಿ ಮೂರು ಗಂಟೆ ನಷ್ಟವಾದರೂ ಸರಿ, ಸಾಲು ತಪ್ಪಬಾರದು ಎಂದು ಅವರು ಸಾಲನ್ನು ತೂಕದ ಬಟ್ಟಾಗಿ ಇಡದೆ ಎಲ್ಲೆಯಾಗಿ ಇಟ್ಟರು.

ಹುಡುಗನು ಇಲ್ಲಿ ತಲೆ ಎತ್ತಿದನು. ತೂಗಬೇಕಾದುದು ಯಾವುದು, ಮೀರಬಾರದ ಎಲ್ಲೆ ಯಾವುದು ಎಂಬ ಭೇದವನ್ನು ಅವನ ಶಾಸ್ತ್ರವೂ ಹೇಳುತ್ತದೆ. ಆದರೆ ಯಾವುದನ್ನು ಯಾವ ಕಡೆ ಬರೆಯಬೇಕೆಂಬುದನ್ನು ಅದು ಹೇಳುವುದಿಲ್ಲ. ಅದನ್ನು ಬರೆಯುವವನು ಮನುಷ್ಯ.

ಅವನ ಎರಡನೆಯ ಲೆಕ್ಕವನ್ನು ತೆಗೆದು ನೋಡಿದೆವು. ಹಳೆಯ ಮೊಬೈಲುಗಳನ್ನು ಬಿಟ್ಟರೆ ಎಷ್ಟು ಶ್ರಮ ಉಳಿಯುತ್ತದೆಂಬುದು ಒಂದು ಕಡೆ, ಅವನ್ನು ಇಟ್ಟುಕೊಂಡವರು ಎಷ್ಟು ಮಂದಿ ಎಂಬುದು ಇನ್ನೊಂದು ಕಡೆ. ಅವರು ನೂರಕ್ಕೆ ನಾಲ್ಕೋ ಐದೋ ಮಂದಿ. ನೂರಕ್ಕೆ ಐದನ್ನು ಬಿಡುವುದರಿಂದ ಉಳಿಯುವ ಶ್ರಮವು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು. ಉತ್ತರವು ತಾನಾಗಿ ಬಂದಿತ್ತು. ಆದರೂ ಅವನು ಹಬ್ಬದ ದಿನ ಮಂಕಾಗಿ ಕುಳಿತದ್ದೇಕೆಂದು ನಮಗೆ ಆಗ ತಿಳಿಯಿತು. ಅವನ ತಾಯಿಯ ಮೊಬೈಲು ಹಳೆಯದು. ಹೊಸದನ್ನು ತಂದುಕೊಟ್ಟರೆ ಬೇಡವೆಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರುವ ಮಹಾತಾಯಿ.

"ಅಮ್ಮನೊಬ್ಬಳಿಗಾಗಿ ಲೆಕ್ಕ ಬದಲಾಯಿಸಬಾರದಲ್ಲವೆ, ದೊಡ್ಡಪ್ಪ?" ಎಂದನು.

ಬಾರದು, ನಿಜ. ಆದರೆ ಆ ಐದು ಮಂದಿ ಯಾರೆಂದು ನೋಡಿದ್ದೀಯಾ ಎಂದು ಕೇಳಿದೆವು. ನಮ್ಮ ಊರಿನ ಸುತ್ತಲೇ ಇದಕ್ಕೆ ಉದಾಹರಣೆಯುಂಟು. ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟ್ ಬಿಸಿಲಿನ ವಿದ್ಯುತ್ತು ಹುಟ್ಟುತ್ತಿರುವುದು ಸರ್ವವಿದಿತ. ೨೦೧೮ರಲ್ಲಿ ಅದರ ಪ್ರಾರಂಭೋತ್ಸವವಾಯಿತು. ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡು, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಮೊದಲು ಮಾಡಿದರು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಕೆಟ್ಟಿದ್ದ ರೈತನಿಗೆ ಅದು ಆಧಾರವಾಯಿತು. ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಅಳತೆ ಎಕರೆಯದು. ಆ ಎಕರೆಗಳಲ್ಲಿ ಕಳೆ ಕೀಳುತ್ತಿದ್ದವಳ ಹೆಸರು ಯಾವ ಪಹಣಿಯಲ್ಲಿಯೂ ಇರಲಿಲ್ಲ. ಕುರಿ ಮೇಯಿಸುತ್ತಿದ್ದವನ ಹೆಸರೂ ಇರಲಿಲ್ಲ. ಅವರನ್ನು ಯಾರೂ ತೂಗಿ ಕಡಿಮೆಯೆಂದು ಹೇಳಿದ್ದಲ್ಲ. ತಕ್ಕಡಿಯ ಮೇಲೆ ಅವರು ಏರಿಯೇ ಇರಲಿಲ್ಲ.

ಹುಡುಗನು ಸ್ವಲ್ಪ ಹೊತ್ತು ಮೊಬೈಲಿನಲ್ಲಿ ಏನನ್ನೋ ಹುಡುಕಿದನು. ಅವನ ಕಚೇರಿಯ ಲೆಕ್ಕಗಳು ಅದರಲ್ಲಿಯೇ ದೊರೆಯುತ್ತವಂತೆ. ಆ ಐದು ಮಂದಿಯಲ್ಲಿ ಬಹುಪಾಲಿನವರು ದೂರದ ಹಳ್ಳಿಗಳವರು. ಮಾರುಕಟ್ಟೆಯ ಧಾರಣೆಯನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡುವವರೂ ಅವರೇ. ಬೇರೆಯವರಿಗೆ ಧಾರಣೆ ತಿಳಿಯಲು ಹತ್ತು ದಾರಿಗಳಿದ್ದರೆ ಅವರಿಗೆ ಇದೊಂದೇ. ನೂರಕ್ಕೆ ಐದೆಂದು ಬರೆದಾಗ ಇದು ಕಾಣುತ್ತಿರಲಿಲ್ಲ.

ಅವನು ಪುಟವನ್ನು ತಿರುಗಿಸಿ ಹೊಸದಾಗಿ ಬರೆದನು. ಧಾರಣೆ, ಬರಬೇಕಾದ ಹಣ ಇವೆರಡು ಮಾತ್ರ ಎಷ್ಟು ಹಳೆಯ ಮೊಬೈಲಿನಲ್ಲಾದರೂ ಕಾಣಲೇಬೇಕು ಎಂಬುದನ್ನು ಎಲ್ಲೆಯ ಕಡೆ ಬರೆದನು. ಉಳಿದ ಚಿತ್ರವಿಚಿತ್ರಗಳನ್ನೆಲ್ಲ ತೂಕದ ಕಡೆ ಇಟ್ಟನು. ಹೀಗೆ ಬರೆದಾಗ ಉಳಿಯುವ ಶ್ರಮವು ನೂರಕ್ಕೆ ಹನ್ನೆರಡಕ್ಕೆ ಇಳಿಯಿತು. ಅವನ ಮೇಲಿನವರು ಒಂದು ವರ್ಷದ ಮಟ್ಟಿಗೆ ಇದನ್ನು ಒಪ್ಪಿದರೆಂದೂ, ಆಮೇಲೆ ಮತ್ತೆ ನೋಡೋಣವೆಂದರೆಂದೂ ಮುಂದಿನ ವಾರ ಫೋನಿನಲ್ಲಿ ತಿಳಿಸಿದನು. ಪರೀಕ್ಷೆಗಳನ್ನು ಬರೆಯುವುದಕ್ಕೆ ಎರಡು ತಿಂಗಳು ಕೇಳಿದ್ದಕ್ಕೆ ಆರು ವಾರ ಕೊಟ್ಟಿದ್ದಾರೆ.

ಅವನು ಹೊರಡುವ ದಿನ ನಮ್ಮ ಮನೆಯವರು ರಾಗಿಯ ಹಿಟ್ಟಿನ ಚೀಲವನ್ನು ಕಟ್ಟಿಕೊಟ್ಟರು. ನಮ್ಮ ಲೆಕ್ಕಗಳನ್ನೆಲ್ಲ ಅವರು ಅಡುಗೆಮನೆಯ ಬಾಗಿಲಿನಿಂದ ಕೇಳಿಸಿಕೊಂಡಿದ್ದರು. ಹುಡುಗನು ಚೀಲವನ್ನು ಎತ್ತಿ ನೋಡಿ, "ಮೂರೇ ಕಿಲೋ ಇದೆಯಲ್ಲಾ, ದೊಡ್ಡಮ್ಮ. ಬೆಂಗಳೂರಿನಿಂದ ಇಲ್ಲಿಗೆ ಬಂದು ಹೋಗುವ ಖರ್ಚು ನೋಡಿದರೆ ಹತ್ತು ಕಿಲೋವಾದರೂ ಒಯ್ಯಬೇಕು" ಎಂದನು.

"ಮುಗಿದಾಗ ಬಾರಪ್ಪ" ಎಂದು ಅವರು ಒಳಕ್ಕೆ ಹೋದರು.